ಸಿಂಗಪುರದಲ್ಲಿ ಒಂದು ಹಗಲು: ತೋಟಗಾರನ ಕಣ್ಣಿಗೆ ಕಂಡಷ್ಟು

ನಮ್ಮ ಸಂಘದ ಸದಸ್ಯರಲ್ಲಿ ಅನೇಕರ ಮಕ್ಕಳು ಇಂದು ಕಡಲಾಚೆ ನೆಲೆಸಿದ್ದಾರೆ. ಬಾಣಂತನಕ್ಕೆಂದೋ, ಮೊಮ್ಮಕ್ಕಳನ್ನು ನೋಡಿ ಬರೋಣವೆಂದೋ ತೋಟದ ಕೆಲಸ ಹಗುರವಾದ ತಿಂಗಳುಗಳಲ್ಲಿ ವಿಮಾನ ಹತ್ತುವ ಹಿರಿಯರ ಸಂಖ್ಯೆ ವರ್ಷ ವರ್ಷಕ್ಕೂ ಹೆಚ್ಚುತ್ತಿದೆ. ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಕಡೆಗೆ ಹೋಗುವವರಿಗೆ ಸಿಂಗಪುರದಲ್ಲಿ ವಿಮಾನ ಬದಲಿಸುವ ಪ್ರಸಂಗ ಸಾಮಾನ್ಯವಾಗಿ ಬರುತ್ತದೆ. ಕೆಲವೊಮ್ಮೆ ಎರಡು ವಿಮಾನಗಳ ನಡುವೆ ಎಂಟು ಹತ್ತು ಗಂಟೆಗಳ ಬಿಡುವಿರುತ್ತದೆ. ಅಷ್ಟು ಹೊತ್ತನ್ನು ನಿಲ್ದಾಣದ ಕುರ್ಚಿಯಲ್ಲಿ ತೂಕಡಿಸುತ್ತಾ ಕಳೆಯುವ ಬದಲು ಊರೊಳಗೆ ಹೋಗಿ ಬರಬಹುದು. ಕಾಫಿ, ಅಡಿಕೆ, ಮೆಣಸು ಬೆಳೆಯುವ ನಮ್ಮಂಥವರಿಗೆ ಆ ಊರಿನಲ್ಲಿ ನೋಡಲಿಕ್ಕೂ, ನೋಡಿದ ಮೇಲೆ ಯೋಚಿಸಲಿಕ್ಕೂ ಸಾಕಷ್ಟು ಇದೆ. ಮಗಳ ಮನೆಗೆ ಹೋಗುವ ದಾರಿಯಲ್ಲಿ ನಾನೂ ನನ್ನ ಮನೆಯವರೂ ಹಾಗೆ ಕಳೆದ ಒಂದು ಹಗಲಿನ ಆಧಾರದ ಮೇಲೆ ಈ ನಾಲ್ಕು ಮಾತು.

ಹೊರಡುವ ಮುನ್ನ

ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆಯ ಹಾದಿ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ಹೊರಟರೆ ಬೆಳಗಿಗೆ ಅಲ್ಲಿರುತ್ತೇವೆ.

ನಿಲ್ದಾಣದಿಂದ ಹೊರಗೆ ಕಾಲಿಡಬೇಕಾದರೆ ಭಾರತೀಯರಿಗೆ ವೀಸಾ ಬೇಕು. ಆಸ್ಟ್ರೇಲಿಯ, ನ್ಯೂಜಿಲೆಂಡ್, ಅಮೆರಿಕ ಮೊದಲಾದ ಕೆಲವು ದೇಶಗಳ ವೀಸಾ ಪಡೆದು ಅಲ್ಲಿಗೆ ಹೋಗುತ್ತಿರುವವರಿಗೆ, ಕೆಲವು ಷರತ್ತುಗಳ ಮೇಲೆ, 96 ಗಂಟೆಗಳವರೆಗೆ ವೀಸಾ ಇಲ್ಲದೆಯೇ ಒಳಗೆ ಬಿಡುವ ಏರ್ಪಾಡೂ ಇದೆ. ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟ್ ಮಾಡಿಸುವಾಗಲೇ ಏಜೆಂಟರಲ್ಲಿ ಕೇಳಿ ಖಚಿತ ಮಾಡಿಕೊಳ್ಳುವುದು ಒಳ್ಳೆಯದು. ಅಲ್ಲಿಗೆ ತಲುಪುವ ದಿನ ಸೇರಿದಂತೆ ಮೂರು ದಿನಗಳೊಳಗೆ ಆಗಮನ ಪತ್ರವೊಂದನ್ನು ಕಂಪ್ಯೂಟರಿನಲ್ಲೋ ಫೋನಿನಲ್ಲೋ ತುಂಬಿ ಕಳಿಸಬೇಕು. ಇದಕ್ಕೆ ಹಣವಿಲ್ಲ, ಹಣ ಕೇಳುವವರನ್ನು ನಂಬಬೇಡಿ.

ಇನ್ನೊಂದು ಮುಖ್ಯ ಮಾತು, ಕವಳದ ಅಭ್ಯಾಸವಿರುವವರಿಗೆ. ಜಗಿಯುವ ತಂಬಾಕು ಅಲ್ಲಿ ಪೂರ್ತಿ ನಿಷಿದ್ಧ. ಹೊಗೆಸೊಪ್ಪಿನ ಎಸಳು, ಗುಟ್ಕಾ ಚೀಟಿ ಯಾವುದೂ ಚೀಲದಲ್ಲಿರಕೂಡದು. ಜಗಿಯುವ ಗಮ್ಮನ್ನು ಕೂಡ 1992ರಿಂದ ದೇಶದೊಳಗೆ ಬಿಡುವುದಿಲ್ಲ. ರಸ್ತೆಯಲ್ಲಿ ಉಗುಳಿದರೆ ದಂಡ, ರೈಲಿನಲ್ಲಿ ತಿಂದರೆ ಕುಡಿದರೆ ದಂಡ. ದಂಡ ಹಾಕುವವರು ಮುಖ ನೋಡಿ ಬಿಡುವವರಲ್ಲ.

ಚಾಂಗಿ ನಿಲ್ದಾಣದಲ್ಲಿ ರೈಲು ಹತ್ತಿ ಒಂದೇ ನಿಲುಗಡೆ ದಾಟಿ ಎಕ್ಸ್‌ಪೋ ಎಂಬಲ್ಲಿ ಇಳಿಯಬೇಕು. ಅಲ್ಲಿಂದ ಡೌನ್‌ಟೌನ್ ಮಾರ್ಗದ ರೈಲು ಹಿಡಿದರೆ ನಾನು ಮುಂದೆ ಹೇಳುವ ಜಾಗಗಳಲ್ಲಿ ಹೆಚ್ಚಿನವು ಅದೇ ಮಾರ್ಗದ ಮೇಲಿವೆ. ಬ್ಯಾಂಕಿನ ಕಾರ್ಡನ್ನೇ ಬಾಗಿಲಿಗೆ ಮುಟ್ಟಿಸಿ ಒಳಗೆ ಹೋಗಬಹುದು. ಮೊದಲು ದೂರದ ಸಸ್ಯೋದ್ಯಾನಕ್ಕೆ ಬೆಳಗಿನ ತಂಪಿನಲ್ಲಿ ಹೋಗಿ, ಬಿಸಿಲೇರುತ್ತಿದ್ದಂತೆ ಹಿಂದಕ್ಕೆ ಬರುವುದು ಅನುಕೂಲ. ಕೊಡೆ ಮರೆಯಬಾರದು. ಭೂಮಧ್ಯರೇಖೆಗೆ ಒಂದೇ ಡಿಗ್ರಿ ದೂರದ ಊರದು. ಅಲ್ಲಿ ಬೇಸಗೆ, ಮಳೆಗಾಲ ಎಂದು ನಮ್ಮಂತೆ ಗೆರೆ ಎಳೆದಿಲ್ಲ. ಹನ್ನೆರಡು ತಿಂಗಳೂ ಹಂಚಿಕೊಂಡು ಮಳೆ ಬೀಳುತ್ತದೆ. ಹೂಮಳೆಗೆ ಆಕಾಶ ನೋಡುತ್ತಾ ಕೂರುವ ಸಂಕಟ ಅಲ್ಲಿಯ ಗಿಡಗಳಿಗಿಲ್ಲ.

ಇಪ್ಪತ್ತೆರಡು ಸಸಿಗಳ ಕಥೆ

ಸಸ್ಯೋದ್ಯಾನ ಈಗಿನ ಜಾಗದಲ್ಲಿ ಸ್ಥಾಪನೆಯಾದದ್ದು 1859ರಲ್ಲಿ. ವಿಸ್ತಾರ ಸುಮಾರು ಇನ್ನೂರು ಎಕರೆ. ಬೆಳಿಗ್ಗೆ 5 ಗಂಟೆಗೇ ಬಾಗಿಲು ತೆರೆಯುತ್ತದೆ, ಪ್ರವೇಶಕ್ಕೆ ಹಣವಿಲ್ಲ. ಸೀತಾಳೆ ಹೂವಿನ ವಿಭಾಗಕ್ಕೆ ಮಾತ್ರ ಟಿಕೆಟ್ಟುಂಟು. 2015ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೂವು ನೋಡುವವರಿಗೆ ಹೂವಿದೆ. ನಮ್ಮಂಥವರು ನೋಡಬೇಕಾದದ್ದು ರಬ್ಬರಿನ ಚರಿತ್ರೆಯನ್ನು. 1876ರಲ್ಲಿ ಅಮೆಜಾನ್ ಕಾಡಿನಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ರಬ್ಬರ್ ಬೀಜ ಬಂತು. ಅಲ್ಲಿ ಮೊಳೆತ ಸಸಿಗಳಲ್ಲಿ ಇಪ್ಪತ್ತೆರಡು 1877ರಲ್ಲಿ ಸಿಂಗಪುರಕ್ಕೆ ಬಂದವು. ಬಂದ ಗಿಡಗಳನ್ನು ಹಲವು ವರ್ಷ ಯಾರೂ ಕೇಳುವವರಿರಲಿಲ್ಲ. 1888ರಲ್ಲಿ ಉದ್ಯಾನದ ಮುಖ್ಯಸ್ಥನಾಗಿ ಬಂದ ಹೆನ್ರಿ ರಿಡ್ಲೆ ಎಂಬಾತ ಮರಕ್ಕೆ ಪೆಟ್ಟಾಗದಂತೆ ತೊಗಟೆ ಗೀರಿ ಮತ್ತೆ ಮತ್ತೆ ಹಾಲು ತೆಗೆಯುವ ಕ್ರಮವನ್ನು ಕಂಡುಹಿಡಿದ. ಮೀನಿನ ಮುಳ್ಳಿನಂತೆ ಓರೆಯಾಗಿ ಗೀರುವ ಕ್ರಮ ಅದು. ಆತ ಬೀಜಗಳನ್ನು ಜೇಬಿನಲ್ಲಿಟ್ಟುಕೊಂಡು ಸಿಕ್ಕ ಸಿಕ್ಕ ತೋಟಗಾರರಿಗೆಲ್ಲ ನೆಡಿರೆಂದು ದುಂಬಾಲು ಬೀಳುತ್ತಿದ್ದನಂತೆ. ಜನ ಅವನನ್ನು ಹುಚ್ಚು ರಿಡ್ಲೆ ಎಂದೇ ಕರೆದರು.

ಆಗ ಮಲಯದ ತೋಟಗಾರರು ಬೆಳೆಯುತ್ತಿದ್ದದ್ದು ಯಾವ ಬೆಳೆ ಎಂದುಕೊಂಡಿರಿ? ಕಾಫಿ! ಕಾಫಿಗೆ ಬೆಲೆ ಇರುವ ತನಕ ರಿಡ್ಲೆಯ ಮಾತು ಯಾರ ಕಿವಿಗೂ ಬೀಳಲಿಲ್ಲ. 1890ರ ದಶಕದ ಕೊನೆಯಲ್ಲಿ ಬ್ರೆಜಿಲ್ ದೇಶದ ಕಾಫಿ ಮಾರುಕಟ್ಟೆಗೆ ನುಗ್ಗಿ ಬೆಲೆ ಕುಸಿಯಿತು. ಆಗ ಎಲ್ಲರೂ ರಿಡ್ಲೆಯ ಬಾಗಿಲಿಗೆ ಬಂದರು. 1917ರ ವೇಳೆಗೆ ಉದ್ಯಾನದಿಂದ ಹಂಚಿಕೆಯಾದ ರಬ್ಬರ್ ಬೀಜ ಎಪ್ಪತ್ತು ಲಕ್ಷಕ್ಕೂ ಮೇಲೆ. ಹುಚ್ಚನೆನಿಸಿಕೊಂಡ ಆತ ನೂರು ವರ್ಷ ಬಾಳಿ, ತನ್ನ ಮಾತು ನಿಜವಾದದ್ದನ್ನು ಕಣ್ಣಾರೆ ಕಂಡು, 1956ರಲ್ಲಿ ತೀರಿಕೊಂಡ.

ಬ್ರೆಜಿಲಿನಲ್ಲಿ ಹಿಮ ಬಿದ್ದರೆ ನಮ್ಮಲ್ಲಿ ಬೆಲೆ ಏರುವುದನ್ನು, ಅಲ್ಲಿ ಫಸಲು ಹೆಚ್ಚಾದರೆ ನಮ್ಮ ಕಣದಲ್ಲಿ ಮುಖ ಬಾಡುವುದನ್ನು ನಾವು ಬಲ್ಲೆವು. ಇದು ಇಂದು ನಿನ್ನೆಯದಲ್ಲ, ನೂರಿಪ್ಪತ್ತೈದು ವರ್ಷಗಳ ಹಿಂದೆಯೂ ಹೀಗೇ ಇತ್ತು ಎಂಬುದಕ್ಕೆ ಆ ಉದ್ಯಾನವೇ ಸಾಕ್ಷಿ.

ಇದೇ ಕಥೆಗೆ ಇನ್ನೊಂದು ಮುಖವಿದೆ. ರಬ್ಬರಿನ ತವರಾದ ದಕ್ಷಿಣ ಅಮೆರಿಕದಲ್ಲಿ ಎಲೆ ಸುಡುವ ರೋಗವೊಂದು ದೊಡ್ಡ ತೋಟಗಳನ್ನು ಏಳಗೊಡಲಿಲ್ಲ. ಆ ಇಪ್ಪತ್ತೆರಡು ಸಸಿಗಳ ಜೊತೆ ರೋಗ ಬರಲಿಲ್ಲ. ಏಷ್ಯದ ರಬ್ಬರ್ ತೋಟಗಳು ಬದುಕಿದ್ದು ಅದರಿಂದ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಪರದೇಶಕ್ಕೆ ಹೋದ ತೋಟಗಾರನ ಕೈ ಸುಮ್ಮನಿರುವುದಿಲ್ಲ. ಒಳ್ಳೆಯ ಗಿಡ ಕಂಡರೆ ಒಂದು ಬೀಜ, ಒಂದು ಕಡ್ಡಿ ಜೇಬಿಗೆ ಸೇರಿಸುವ ಆಸೆಯಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಅನುಮತಿ ಪತ್ರವಿಲ್ಲದೆ ಬೀಜ, ಸಸಿ, ಮಣ್ಣು ತರುವುದು ಕಾನೂನಿಗೆ ವಿರುದ್ಧ. ಅಷ್ಟೇ ಅಲ್ಲ, ಕಾಫಿಯ ಕಾಯಿಕೊರಕ ಹುಳು ನಮ್ಮ ದೇಶದಲ್ಲಿ ಮೊದಲು ಕಾಣಿಸಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಆ ಮೇಲೆ ಅದು ಕೊಡಗು, ಚಿಕ್ಕಮಗಳೂರು, ಹಾಸನಗಳಿಗೆ ಹಬ್ಬಿ ನಮಗೆ ಎಷ್ಟು ಖರ್ಚು ತಂದಿತೆಂಬುದನ್ನು ಯಾರೂ ಮರೆತಿಲ್ಲ. ಒಂದು ಹಿಡಿ ಬೀಜದ ಆಸೆಗೆ ಸೀಮೆಯೇ ತೆರಬೇಕಾದ ಬೆಲೆ ಅದು.

ಉದ್ಯಾನದಿಂದ ಹೊರಡುವ ಮೊದಲು ಕೆಂಪು ಕಾಂಡದ ತಾಳೆಯೊಂದನ್ನು ನೋಡಲು ಮರೆಯಬೇಡಿ. ಅದೇ ಉದ್ಯಾನದ ಲಾಂಛನ. ಹಾಳೆ, ಎಲೆಯ ದಂಟು ಅರಗಿನಂತೆ ಕೆಂಪು, ನಿಲುವು ನಮ್ಮ ಅಡಿಕೆ ಮರದ್ದೇ. ಮಲಯ ಭಾಷೆಯಲ್ಲಿ ಅದರ ಹೆಸರು ಪಿನಾಂಗ್ ರಾಜಾ. ಪಿನಾಂಗ್ ಎಂದರೆ ಅಡಿಕೆ; ರಾಜನನ್ನು ವಿವರಿಸಬೇಕಾಗಿಲ್ಲ.

ತೋಟವಿದ್ದಲ್ಲಿ ಅಂಗಡಿ

ಉದ್ಯಾನದ ತಾಂಗ್ಲಿನ್ ಬಾಗಿಲಿನಿಂದ ಹೊರಬಿದ್ದು ಬಸ್ಸು ಹತ್ತಿದರೆ ಆರ್ಚರ್ಡ್ ರಸ್ತೆ ಹತ್ತಿರ. ಎರಡೂ ಬದಿಗೆ ಗಾಜಿನ ಮಹಲುಗಳು, ನಮ್ಮ ಒಂದು ವರ್ಷದ ಫಸಲನ್ನು ಒಂದು ಕೈಚೀಲಕ್ಕೆ ಕೇಳುವ ಅಂಗಡಿಗಳು. ಆ ಹೆಸರಿಗೆ ತೋಟದ ರಸ್ತೆ ಎಂದರ್ಥ, ಮತ್ತು ಅದು ಬರಿಯ ಹೆಸರಲ್ಲ. 1830, 40ರ ದಶಕಗಳಲ್ಲಿ ಇಲ್ಲೆಲ್ಲ ಜಾಯಿಕಾಯಿ ತೋಟಗಳು. ಬೆಲೆ ಚೆನ್ನಾಗಿತ್ತೆಂದು ವರ್ತಕರು, ಅಧಿಕಾರಿಗಳು ಎಲ್ಲರೂ ಸಾಲ ಸೋಲ ಮಾಡಿಯಾದರೂ ಜಾಯಿಕಾಯಿ ನೆಟ್ಟರು. 1850ರ ದಶಕದಲ್ಲಿ ರೋಗ ತಗುಲಿತು. ಕೆಲವೇ ವರ್ಷಗಳಲ್ಲಿ ತೋಟಗಳು ಹಾಳುಬಿದ್ದವು. ಉಳಿದದ್ದು ರಸ್ತೆಯ ಹೆಸರು ಮಾತ್ರ.

ನಮ್ಮ ಅಡಿಕೆ ತೋಟಗಳ ನೆರಳಿನಲ್ಲಿಯೂ ಜಾಯಿಕಾಯಿ ಇದೆ. ಆದರೆ ನಮ್ಮ ಹಿರಿಯರು ಅದನ್ನು ಅಡಿಕೆ, ಮೆಣಸು, ಏಲಕ್ಕಿ, ಬಾಳೆಗಳ ಜೊತೆಗೆ ಒಂದೊಂದಾಗಿ ಇಟ್ಟರು. ಅದೊಂದನ್ನೇ ನಂಬಿ ಗುಡ್ಡ ತುಂಬಿಸಲಿಲ್ಲ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ ಎಂಬ ಲೆಕ್ಕವದು. ಈಗೀಗ ಅಡಿಕೆಯ ಬೆಲೆ ನೋಡಿ ಗದ್ದೆ, ಬಯಲುಗಳನ್ನೆಲ್ಲ ಅಡಿಕೆಯೊಂದಕ್ಕೇ ತಿರುಗಿಸುತ್ತಿರುವವರು ಆರ್ಚರ್ಡ್ ರಸ್ತೆಯಲ್ಲಿ ಹತ್ತು ನಿಮಿಷ ನಿಂತು ಬಂದರೆ ಒಳ್ಳೆಯದು.

ಇಡೀ ಸಿಂಗಪುರವೇ ಒಂದು ಕಾಲಕ್ಕೆ ತೋಟವಾಗಿತ್ತು. ವಿಸ್ತಾರದಲ್ಲಿ ಅದು ಸುಮಾರು 735 ಚದರ ಕಿಲೋಮೀಟರ್, ಅಂದರೆ ನಮ್ಮ ಮಲೆನಾಡಿನ ದೊಡ್ಡ ತಾಲ್ಲೂಕೊಂದಕ್ಕಿಂತ ಚಿಕ್ಕದು. ಹತ್ತೊಂಬತ್ತನೇ ಶತಮಾನದಲ್ಲಿ ಚೀನೀ ಬೇಸಾಯಗಾರರು ಅಲ್ಲಿ ಗ್ಯಾಂಬಿಯರ್ ಮತ್ತು ಕಾಳುಮೆಣಸು ಬೆಳೆದರು. ಗ್ಯಾಂಬಿಯರ್ ಎಂಬುದು ಒಂದು ಬಳ್ಳಿಗಿಡ. ಅದರ ಎಲೆ, ಎಳೆ ಕಡ್ಡಿಗಳನ್ನು ಕುದಿಸಿ ಬತ್ತಿಸಿದರೆ ನಮ್ಮ ಕಾಚಿನಂಥ ಗಟ್ಟಿ ಸಿಗುತ್ತದೆ. ಎಲೆ ಅಡಿಕೆಯ ಜೊತೆ ಜಗಿಯಲು ಅದು ಬೇಕಾಗಿತ್ತು. ಮುಂದೆ ಯೂರೋಪಿನ ಚರ್ಮ ಹದಮಾಡುವ ಕಾರ್ಖಾನೆಗಳೂ ಕೊಳ್ಳತೊಡಗಿದವು. ಕುದಿಸಿ ಉಳಿದ ಚರಟವನ್ನು ಮೆಣಸಿನ ಬಳ್ಳಿಯ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಒಳ್ಳೆಯ ಜೋಡಿ ಬೆಳೆ, ಜಾಣತನದ ಏರ್ಪಾಡು.

ಆದರೆ ಕುದಿಸಲು ಕಟ್ಟಿಗೆ ಬೇಕು. ಸುತ್ತಲಿನ ಕಾಡೆಲ್ಲ ಒಲೆಗೆ ಹೋಯಿತು. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಮಣ್ಣಿನ ಸಾರ ಮುಗಿಯಿತು. ತೋಟ ಬಿಟ್ಟು ಮುಂದಿನ ಕಾಡಿಗೆ ಹೋದರು. ಹುಲಿಗಳು ಅನೇಕ ಕೂಲಿಯವರನ್ನು ಹೊತ್ತೊಯ್ದವು. ದ್ವೀಪದಲ್ಲಿ ಕಡಿಯಲು ಕಾಡು ಉಳಿಯದಾದಾಗ ಕಡಲಗಂಡಿ ದಾಟಿ ಜೊಹೋರಿಗೆ ನಡೆದರು. ಬಿಟ್ಟುಹೋದ ನೆಲದಲ್ಲಿ ಲಲಾಂಗ್ ಎಂಬ ದರ್ಭೆಯಂಥ ಹುಲ್ಲು ಬೆಳೆಯಿತು. ಇಂದು ಲಿಮ್ ಚು ಕಾಂಗ್, ಚೋವಾ ಚು ಕಾಂಗ್, ಯಿಯೊ ಚು ಕಾಂಗ್ ಎಂಬ ಬಡಾವಣೆಗಳ ಹೆಸರುಗಳಲ್ಲಿ ಆ ಕಾಲದ ಗುರುತಿದೆ. ಹೊಳೆಯ ಬದಿಯ ತೋಟಗಳ ಯಜಮಾನರ ನೆಲೆಗಳವು.

ಉತ್ತರ ಕನ್ನಡದಲ್ಲಿ ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಡುವ ಪದ್ಧತಿ ಬಂದದ್ದು ಏಕೆಂದು ಕಿರಿಯರು ಕೇಳುವುದುಂಟು. ಉತ್ತರ ಇಲ್ಲಿದೆ. ಬೆಟ್ಟವಿದ್ದಲ್ಲಿ ತೋಟ ತಲೆಮಾರುಗಟ್ಟಲೆ ನಿಂತಿತು. ಬೆಟ್ಟವನ್ನು ಒಲೆಗಿಟ್ಟಲ್ಲಿ ತೋಟ ಇಪ್ಪತ್ತು ವರ್ಷಕ್ಕೆ ಮುಗಿಯಿತು.

ಎಲೆ ಅಡಿಕೆಯ ಬೀದಿ

ಮಧ್ಯಾಹ್ನದ ಊಟಕ್ಕೆ ಲಿಟಲ್ ಇಂಡಿಯಾ ನಿಲುಗಡೆಯಲ್ಲಿ ಇಳಿಯಿರಿ. ಸೆರಂಗೂನ್ ರಸ್ತೆಯಲ್ಲಿ ಮಲ್ಲಿಗೆ ದಂಡೆ, ತೆಂಗಿನಕಾಯಿ, ವೀಳ್ಯದೆಲೆ ಎಲ್ಲ ಉಂಟು. ತಮಿಳು ಬಂದರೆ ಇಂಗ್ಲಿಷ್ ಬೇಕಾಗಿಲ್ಲ. 1947ರಿಂದ ನಡೆಯುತ್ತಿರುವ ಕೋಮಲ ವಿಲಾಸದಂಥ ಸಸ್ಯಾಹಾರಿ ಹೋಟೆಲುಗಳಲ್ಲಿ ಬಾಳೆ ಎಲೆಯ ಊಟ ಸಿಗುತ್ತದೆ. ಪಕ್ಕದ ಬಫೆಲೊ ರಸ್ತೆ ಹಿಂದೆ ದನ ಎಮ್ಮೆಗಳ ವ್ಯಾಪಾರದ ಜಾಗ. ಟೆಕ್ಕಾ ಮಾರುಕಟ್ಟೆಯಲ್ಲಿ ತರಕಾರಿ ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನನ್ನ ಮನೆಯವರಂತೂ ಒಂದು ಕಟ್ಟು ಕರಿಬೇವಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ, "ನಮ್ಮ ಬಚ್ಚಲ ಹಿಂದಿನ ಗಿಡ ಇಲ್ಲಿದ್ದಿದ್ದರೆ ನಾವು ತೋಟ ಮಾಡಬೇಕಾಗಿರಲಿಲ್ಲ" ಎಂದರು.

ಈ ಬೀದಿಯಲ್ಲಿ ಎಲೆ ಅಡಿಕೆ ಮಾರುವ ಕೆಲವು ಅಂಗಡಿಗಳಿವೆ. ಕೊಳ್ಳುವವರು ಹೆಚ್ಚಾಗಿ ನಮ್ಮ ದೇಶದ ಕಡೆಯವರೇ. ಒಂದು ಕಾಲಕ್ಕೆ ಹೀಗಿರಲಿಲ್ಲ. ಮಲಯದವರ ಮನೆಯಲ್ಲಿ, ಅಲ್ಲಿಯೇ ನೆಲೆಸಿದ ಚೀನೀ ಮನೆತನಗಳಲ್ಲಿ ಹೆಂಗಸರು ಗಂಡಸರೆನ್ನದೆ ಎಲೆ ಅಡಿಕೆ ಹಾಕುತ್ತಿದ್ದರು. ಮಲಯ ಭಾಷೆಯಲ್ಲಿ ಹೆಣ್ಣು ಕೇಳುವುದಕ್ಕೆ ಮೆಮಿನಾಂಗ್ ಎನ್ನುತ್ತಾರೆ. ಆ ಮಾತು ಹುಟ್ಟಿದ್ದು ಪಿನಾಂಗ್, ಅಂದರೆ ಅಡಿಕೆಯಿಂದ. ನಮ್ಮಲ್ಲಿ ವೀಳ್ಯ ಬದಲಾಯಿಸಿಕೊಳ್ಳುವುದಕ್ಕೂ ಅದಕ್ಕೂ ವ್ಯತ್ಯಾಸವೇನಿದೆ? ಮಲೇಷ್ಯದ ಪಿನಾಂಗ್ ದ್ವೀಪದ ಹೆಸರೂ ಅಡಿಕೆಯದೇ. ಅಲ್ಲಿಯ ವಸ್ತುಸಂಗ್ರಹಾಲಯಗಳಲ್ಲಿ ಬೆಳ್ಳಿಯ ಎಲೆಪೆಟ್ಟಿಗೆ, ಸುಣ್ಣದ ಡಬ್ಬಿ, ಅಡಕತ್ತರಿಗಳನ್ನು ಗಾಜಿನೊಳಗೆ ಇಟ್ಟಿದ್ದಾರೆ.

ಗಾಜಿನೊಳಗೆ ಎಂಬ ಮಾತನ್ನು ಗಮನಿಸಿ. ಎರಡು ಮೂರು ತಲೆಮಾರುಗಳಲ್ಲಿ ಆ ಊರಿನ ಜನ ಎಲೆ ಅಡಿಕೆ ಬಿಟ್ಟರು. ಮೊದಲು ಅದು ಹಳೆಯ ಕಾಲದ ಅಜ್ಜಿಯರ ಅಭ್ಯಾಸವೆನಿಸಿತು, ಆಮೇಲೆ ಮದುವೆಯ ಶಾಸ್ತ್ರಕ್ಕೆ ಮಾತ್ರ ಉಳಿಯಿತು. ಯಾರೂ ಅಡಿಕೆ ಮರ ಕಡಿಯಲಿಲ್ಲ, ಕೊಳೆರೋಗವೂ ಬರಲಿಲ್ಲ. ತಿನ್ನುವ ಬಾಯಿ ಇಲ್ಲವಾಯಿತು.

ನಮ್ಮಲ್ಲಿ ಹಾಗಾಗುವುದಿಲ್ಲವೆಂದು ಧೈರ್ಯ ಹೇಳಿಕೊಳ್ಳಬಹುದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ, ತಂಬಾಕು ಸೇರದ ಎಲೆ ಅಡಿಕೆಯನ್ನೂ ಬರಿಯ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಪಟ್ಟಿಗೆ ಸೇರಿಸಿದೆ. ಇದನ್ನು ಕುರಿತು ನಮ್ಮ ಸಭೆಗಳಲ್ಲಿ ಸಿಟ್ಟಿನ ಮಾತುಗಳು ಬರುವುದು ಸಹಜ. ಮನೆಯ ಅನ್ನದ ಪ್ರಶ್ನೆ ಇದು. ಆದರೂ ಸಿಟ್ಟು ಒಂದು ಕಡೆ ಇರಲಿ, ನಮ್ಮ ಬೆಳೆ ಒಂದೇ ಉಪಯೋಗದ ಮೇಲೆ, ಅಂದರೆ ಜಗಿಯುವವನ ಬಾಯಿಯ ಮೇಲೆ ನಿಂತಿದೆ ಎಂಬುದನ್ನು ಒಪ್ಪಲೇಬೇಕು. ಅಡಿಕೆಯ ಚೊಗರಿನಿಂದ ಬಣ್ಣ, ಹಾಳೆಯಿಂದ ತಟ್ಟೆ ಮೊದಲಾದ ಬೇರೆ ದಾರಿಗಳನ್ನು ಹುಡುಕುವವರಿಗೆ ಸಂಘ ಬೆಂಬಲ ಕೊಡಬೇಕಾದದ್ದು ಈ ಕಾರಣಕ್ಕೆ. ಮರದ ಜೊತೆ ಮೆಣಸು, ಕೋಕೋ, ಕಾಫಿ ಇರಿಸಿಕೊಳ್ಳಬೇಕಾದದ್ದೂ ಇದೇ ಕಾರಣಕ್ಕೆ.

ಬಟ್ಟೆಯ ಸೋಸಣಿಗೆ, ರೊಬಸ್ಟಾ ಕಾಫಿ

ಸಂಜೆಯ ಹೊತ್ತಿಗೆ ಟೆಲೋಕ್ ಆಯರ್ ನಿಲುಗಡೆಯ ಬಳಿ ಲಾವ್ ಪಾ ಸಾಟ್ ಎಂಬ ಹಳೆಯ ಮಾರುಕಟ್ಟೆಗೆ ಹೋಗಬಹುದು. 1894ರಲ್ಲಿ ಎರಕದ ಕಬ್ಬಿಣದ ಕಂಬ ಕಮಾನುಗಳಿಂದ ಕಟ್ಟಿದ ಎಂಟು ಮೂಲೆಯ ಕಟ್ಟಡ. ಒಳಗೆಲ್ಲ ತಿಂಡಿಯ ಅಂಗಡಿಗಳು. ಸಿಂಗಪುರದ ಈ ತಿಂಡಿ ಅಂಗಡಿಗಳ ಸಂಪ್ರದಾಯವನ್ನು ಯುನೆಸ್ಕೋ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿದೆ. ನಮಗೆ ಬೇಕಾದದ್ದು ಕಾಫಿ. ಅಲ್ಲಿಯವರು ಅದಕ್ಕೆ ಕೋಪಿ ಎನ್ನುತ್ತಾರೆ.

ಕೋಪಿಗೆ ಹೆಚ್ಚಾಗಿ ಬಳಸುವುದು ರೊಬಸ್ಟಾ. ಬೀಜವನ್ನು ಸಕ್ಕರೆ, ಮಾರ್ಗರೀನುಗಳ ಜೊತೆ ಕಪ್ಪಗಾಗುವ ತನಕ ಹುರಿಯುತ್ತಾರೆ. ಪುಡಿಯನ್ನು ಉದ್ದನೆಯ ಬಟ್ಟೆಯ ಚೀಲದಲ್ಲಿ ಹಾಕಿ ಬಿಸಿನೀರು ಹುಯ್ದು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ಸೋಸುತ್ತಾರೆ. ನಮ್ಮ ಅಜ್ಜಿಯರ ಬಟ್ಟೆಯ ಸೋಸಣಿಗೆ ಕಂಡವರಿಗೆ ಇದು ಹೊಸದಲ್ಲ. ಬರೇ ಕೋಪಿ ಎಂದರೆ ಗಟ್ಟಿ ಸಿಹಿ ಹಾಲು ಹಾಕಿದ್ದು. ಕೋಪಿ ಓ ಎಂದರೆ ಹಾಲಿಲ್ಲದ್ದು, ಸಕ್ಕರೆ ಇರುತ್ತದೆ. ಕೋಪಿ ಸಿ ಎಂದರೆ ಸಿಹಿಯಿಲ್ಲದ ಗಟ್ಟಿ ಹಾಲು, ಸಕ್ಕರೆ ಬೇರೆ. ಸಕ್ಕರೆ ಕಾಯಿಲೆಯವರು ಕೊನೆಗೆ ಕೊಸೊಂಗ್ ಎಂದು ಸೇರಿಸಿದರೆ ಸಕ್ಕರೆ ಹಾಕುವುದಿಲ್ಲ. ಆ ಮಾತಿಗೆ ಖಾಲಿ ಎಂದರ್ಥ. ರುಚಿ ಕಡು, ಕಹಿ, ಸ್ವಲ್ಪ ಸುಟ್ಟ ಬೆಲ್ಲದಂತೆ. ಎರಡನೇ ಗುಟುಕಿಗೆ ಒಗ್ಗುತ್ತದೆ.

ಒಂದು ಲೋಟಕ್ಕೆ ಸುಮಾರು ಒಂದೂವರೆ ಡಾಲರ್, ನಮ್ಮ ನೂರು ರೂಪಾಯಿಯ ಆಸುಪಾಸು. ಲೋಟಕ್ಕೆ ಹತ್ತು ಗ್ರಾಂ ಪುಡಿ ಎಂದಿಟ್ಟುಕೊಂಡರೂ ಒಂದು ಕಿಲೋ ಪುಡಿಯಿಂದ ನೂರು ಲೋಟ, ಅಂದರೆ ಹತ್ತು ಸಾವಿರ ರೂಪಾಯಿ. ಅದರಲ್ಲಿ ಬಾಡಿಗೆ, ಹಾಲು, ಸಕ್ಕರೆ, ಕೆಲಸದವರ ಸಂಬಳ ಎಲ್ಲ ಕಳೆಯಬೇಕು, ನಿಜ. ಆದರೂ ಆ ಕಿಲೋವನ್ನು ಬೆಳೆದು, ಕೊಯ್ದು, ಒಣಗಿಸಿದವನ ಪಾಲು ಎಷ್ಟೆಂದು ಓದುಗರೇ ಲೆಕ್ಕ ಹಾಕಬಹುದು.

ಕಾಫಿ ಬೆಳೆಯದ ಊರು ರೊಬಸ್ಟಾ ಬೀಜವನ್ನು ತನ್ನ ಕ್ರಮದಲ್ಲಿ ಹುರಿದು, ತನ್ನ ಹೆಸರು ಕೊಟ್ಟು, ಅದನ್ನೇ ಊರಿನ ಹೆಮ್ಮೆಯಾಗಿ ಮಾಡಿಕೊಂಡಿದೆ. ದೇಶದ ಕಾಫಿಯ ಸುಮಾರು ಶೇಕಡಾ 70 ಭಾಗ ಬೆಳೆಯುವ ನಾವಾದರೋ ಹೆಚ್ಚಿನದನ್ನು ಚೀಲದಲ್ಲಿ ತುಂಬಿ ಹಡಗು ಹತ್ತಿಸಿ ಕೈ ತೊಳೆಯುತ್ತೇವೆ. ಪ್ರತಿ ತಾಲ್ಲೂಕು ಸಂಘವೂ ಒಂದು ಹುರಿಯುವ ಯಂತ್ರ, ಒಂದು ಒಳ್ಳೆಯ ಕಾಫಿ ಅಂಗಡಿ ಇಟ್ಟುಕೊಂಡರೆ ದೊಡ್ಡ ಲಾಭ ಬಾರದಿದ್ದರೂ ಲೋಟದ ಬೆಲೆ ಬೆಳೆಗಾರನಿಗೆ ತಿಳಿಯುತ್ತದೆ. ತಿಳಿದ ಮೇಲೆ ಚೌಕಾಸಿಗೆ ಕೂರುವ ರೀತಿಯೇ ಬೇರೆಯಾಗುತ್ತದೆ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲೆಂದು ನನ್ನ ವಿನಂತಿ.

ಹಿಂದಿರುಗುವಾಗ

ಮುಂದಿನ ವಿಮಾನಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣ ಸೇರಿಕೊಳ್ಳಿ. ಸಮಯ ಉಳಿದರೆ ನಿಲ್ದಾಣಕ್ಕೆ ಅಂಟಿಕೊಂಡೇ 2019ರಲ್ಲಿ ಕಟ್ಟಿದ ಗಾಜಿನ ಮನೆಯೊಂದಿದೆ. ಒಳಗೆ ನಲವತ್ತು ಮೀಟರ್ ಎತ್ತರದಿಂದ ನೀರು ಬೀಳುತ್ತದೆ, ಸುತ್ತ ಮರಗಿಡಗಳು. ಮಾಗೋಡು, ಜೋಗ ಕಂಡವರಿಗೆ ಅದೇನು ಮಹಾ ಎನಿಸಬಹುದು. ಆದರೆ ಕಾಡು ಕಳೆದುಕೊಂಡ ಊರೊಂದು ಅಷ್ಟು ಹಣ ಸುರಿದು ಗಾಜಿನೊಳಗೆ ಕಾಡು ಬೆಳೆಸಿದೆಯಲ್ಲ ಎಂದು ನೋಡಿದರೆ ಅದಕ್ಕೂ ಒಂದು ಅರ್ಥವಿದೆ.

ನಡೆಯಲಾರದವರು ಇಷ್ಟೆಲ್ಲ ಸುತ್ತುವ ಆತುರ ಮಾಡಬೇಕಾಗಿಲ್ಲ. ಸಸ್ಯೋದ್ಯಾನ ಒಂದು, ಲಿಟಲ್ ಇಂಡಿಯಾ ಒಂದು ಸಾಕು. ವಿಮಾನ ಬದಲಿಸುವ ಪ್ರಯಾಣಿಕರಿಗೆ ಐದೂವರೆ ಗಂಟೆಗೂ ಮೀರಿ ಬಿಡುವಿದ್ದರೆ, ಒಳಗೆ ಪ್ರವೇಶದ ಅರ್ಹತೆಯಿದ್ದರೆ, ನಿಲ್ದಾಣದವರೇ ಹಣವಿಲ್ಲದೆ ಊರು ತೋರಿಸುವ ಬಸ್ಸಿನ ಏರ್ಪಾಡನ್ನೂ ಇಟ್ಟಿದ್ದಾರೆ. ಸಂಘದ ಸದಸ್ಯರಲ್ಲಿ ಯಾರಾದರೂ ಈ ದಾರಿಯಲ್ಲಿ ಹೋಗಿ ಬಂದರೆ, ತಮ್ಮ ಕಣ್ಣಿಗೆ ಬಿದ್ದದ್ದನ್ನು ಈ ಪುಟಗಳಿಗೆ ಬರೆದು ಕಳಿಸಲಿ. ಬೆಳೆಗಾರನ ಕಣ್ಣಿಗೆ ಬೀಳುವುದು ಪ್ರವಾಸಿ ಪುಸ್ತಕಗಳಲ್ಲಿ ಇರುವುದಿಲ್ಲ.